ಚಿಕಾಗೋದ ಕಪ್ಪು ಮೇಯರ್ ಮತ್ತು ನಮ್ಮ ಸರದಿ ಕುರ್ಚಿ

ನಮ್ಮವನೊಬ್ಬ ಕುರ್ಚಿ ಮೇಲೆ ಕೂತ ದಿನ ಕೇರಿಯಲ್ಲಿ ತಮಟೆ ಬಡಿಯುತ್ತದೆ. ಪಟಾಕಿ ಹಚ್ಚುತ್ತಾರೆ. ಬಾಬಾಸಾಹೇಬರ ಪಟಕ್ಕೆ ಹಾರ ಬೀಳುತ್ತದೆ. ಈ ಸಂತೋಷ ತಪ್ಪಲ್ಲ. ಸಾವಿರಾರು ವರ್ಷ ಬಾಗಿಲಾಚೆ ನಿಂತವರು ಒಳಗೆ ಕಾಲಿಟ್ಟ ದಿನ ಕುಣಿಯದೆ ಇನ್ಯಾವತ್ತು ಕುಣಿಯಬೇಕು? ಆದರೆ ಕುಣಿದು ದಣಿದು ಮನೆಗೆ ಹೋದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅದನ್ನು ನಾವು ಕೇಳಿಕೊಳ್ಳುತ್ತಿಲ್ಲ. ಕುರ್ಚಿಯಲ್ಲಿ ಕೂತ ನಮ್ಮವನು ನಾಳೆ ಮತ್ತೆ ಜನರ ಮುಂದೆ ಬಂದು, 'ನಾನು ಇಂತಿಂಥ ಕೆಲಸ ಮಾಡಿದೀನಿ, ಇನ್ನೊಂದ್ಸಲ ಓಟು ಕೊಡಿ' ಅಂತ ಕೇಳೋ ಹಾಗಿದಾನಾ? ಕೇಳಿದರೆ ಅವನನ್ನು ಗೆಲ್ಲಿಸೋ ಶಕ್ತಿ ನಮಗಿದೆಯಾ?

ಮೊದಲನೇ ಗೆಲುವು ಹೇಗೋ ಬರುತ್ತದೆ. ಮೇಲಿನವರು ತಮ್ಮ ತಮ್ಮಲ್ಲೇ ಕಚ್ಚಾಡಿ ಓಟು ಒಡೆದುಕೊಂಡರೂ ಬರುತ್ತದೆ. ಮೀಸಲಾತಿಯ ಸರದಿಯಲ್ಲೂ ಬರುತ್ತದೆ. ಎರಡನೇ ಗೆಲುವು ಹಾಗೆ ಬರೋದಿಲ್ಲ. ಅದನ್ನು ಕಟ್ಟಬೇಕು. ಈ ಮಾತನ್ನು ಅರ್ಥ ಮಾಡಿಕೊಳ್ಳೋದಕ್ಕೆ ಅಮೆರಿಕದ ಚಿಕಾಗೋ ನಗರದಲ್ಲಿ 1987ರಲ್ಲಿ ನಡೆದ ಮೇಯರ್ ಚುನಾವಣೆಗಿಂತ ಒಳ್ಳೆಯ ಪಾಠ ಇಲ್ಲ. ಆ ವರ್ಷ ಹೆರಾಲ್ಡ್ ವಾಷಿಂಗ್ಟನ್ ಅನ್ನೋ ಕಪ್ಪು ಮೇಯರ್ ಎರಡನೇ ಸಲ ಜನರ ಮುಂದೆ ನಿಂತರು.

ಎಲ್ಲಿಯ ಚಿಕಾಗೋ, ಎಲ್ಲಿಯ ನಾವು ಅಂತ ಯಾರಾದರೂ ಕೇಳಬಹುದು. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಸಂಘಟನೆ ಕಟ್ಟಿದಾಗ 'ದಲಿತ ಪ್ಯಾಂಥರ್ಸ್' ಅನ್ನೋ ಹೆಸರನ್ನು ತಂದದ್ದು ಅಮೆರಿಕದ ಕಪ್ಪು ಪ್ಯಾಂಥರುಗಳಿಂದ. ಆ ಪ್ಯಾಂಥರುಗಳ ಚಿಕಾಗೋ ಮುಂದಾಳು ಫ್ರೆಡ್ ಹ್ಯಾಂಪ್ಟನ್ ಅನ್ನೋ 21 ವರ್ಷದ ಹುಡುಗ. ಕಪ್ಪು ಯುವಕರನ್ನು, ಪೋರ್ಟೊರಿಕೋ ಮೂಲದ ಯುವಕರನ್ನು, ಬಡ ಬಿಳಿ ಯುವಕರನ್ನು ಒಂದೇ ಚಾಪೆ ಮೇಲೆ ಕೂರಿಸೋದಕ್ಕೆ ಹೊರಟಿದ್ದ. 1969ರ ಡಿಸೆಂಬರ್ 4ರಂದು ಬೆಳಕು ಹರಿಯೋ ಮುಂಚೆ ಪೊಲೀಸರು ಅವನ ಮನೆಗೆ ನುಗ್ಗಿ ಗುಂಡಿಟ್ಟು ಕೊಂದರು. ಜೊತೆಗೆ ಮಾರ್ಕ್ ಕ್ಲಾರ್ಕ್ ಅನ್ನೋ ಇನ್ನೊಬ್ಬ ಸಂಗಾತಿಯನ್ನೂ ಕೊಂದರು. ಹೆಸರು ಅಲ್ಲಿಂದ ಬಂತು. ಪಾಠವೂ ಅಲ್ಲಿಂದ ಬರಲಿ.

ಓಟಿನ ಕಾರ್ಖಾನೆ

1980ರ ಜನಗಣತಿಯ ಪ್ರಕಾರ ಚಿಕಾಗೋದಲ್ಲಿ 30 ಲಕ್ಷ ಜನ. ಅದರಲ್ಲಿ ನೂರಕ್ಕೆ ಸುಮಾರು 40 ಮಂದಿ ಕಪ್ಪು ಜನ. ಇವರ ಹಿರೀಕರು ದಕ್ಷಿಣದ ಹತ್ತಿ ಹೊಲಗಳಲ್ಲಿ ಗುಲಾಮರಾಗಿದ್ದವರು. ಆಮೇಲಿನ ತಲೆಮಾರು ರೈಲು ಹತ್ತಿ ಉತ್ತರಕ್ಕೆ ಬಂದು ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ಮೈ ಸವೆಸಿತು. ನಗರದ ದಕ್ಷಿಣಕ್ಕೆ, ಪಶ್ಚಿಮಕ್ಕೆ ಇವರ ಕೇರಿಗಳು. ಬೇಲಿ ಕಾಣೋದಿಲ್ಲ. ಆದರೆ ಬಿಳಿಯರ ಬೀದಿಯಲ್ಲಿ ಮನೆ ಹಿಡಿಯೋದಕ್ಕೆ ಹೋದರೆ ಬೇಲಿ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಮನೆ ಹಕ್ಕಿಗಾಗಿ ಮೆರವಣಿಗೆ ಮಾಡಿದಾಗ ಅವರ ತಲೆಗೇ ಕಲ್ಲು ಬಿತ್ತು.

ಈ ನಗರವನ್ನು 1955ರಿಂದ 1976ರಲ್ಲಿ ಸಾಯೋವರೆಗೂ ರಿಚರ್ಡ್ ಜೆ. ಡೇಲಿ ಅನ್ನೋ ಬಿಳಿ ಮೇಯರ್ ಆಳಿದ. ಆರು ಸಲ ಗೆದ್ದ. ಅವನ ಪಕ್ಷಕ್ಕೆ ಜನ ಇಟ್ಟ ಹೆಸರೇ 'ಮಷೀನು'. ನಗರದಲ್ಲಿ 50 ವಾರ್ಡು. ಪ್ರತಿ ವಾರ್ಡಿಗೊಬ್ಬ ಪಕ್ಷದ ಯಜಮಾನ. ಅವನ ಕೈಕೆಳಗೆ ಒಂದೊಂದು ಬೂತಿಗೂ ಒಬ್ಬೊಬ್ಬ ಆಳು. ಆ ಆಳಿಗೆ ಕಾರ್ಪೊರೇಷನ್ನಿನಲ್ಲಿ ಒಂದು ನೌಕರಿ. ಬೂತಿನಲ್ಲಿ ಓಟು ಬಿದ್ದರೆ ನೌಕರಿ ಉಳಿಯಿತು, ಓಟು ಕಮ್ಮಿ ಆದರೆ ನೌಕರಿ ಹೋಯಿತು. ಚರಂಡಿ ಕಟ್ಟಿದರೆ ಅವನನ್ನೇ ಕೇಳಬೇಕು. ಮಗನನ್ನು ಪೊಲೀಸರು ಹಿಡಿದುಕೊಂಡು ಹೋದರೆ ಅವನ ಮನೆ ಬಾಗಿಲಿಗೇ ಹೋಗಬೇಕು. ನಮ್ಮೂರಿನ ಪುಢಾರಿ ರೇಷನ್ ಕಾರ್ಡು, ವಿಧವಾ ಪಿಂಚಣಿ ಮುಂದೆ ಹಿಡಿದು ಕೈ ಮುಗಿಸಿಕೊಳ್ತಾನಲ್ಲ, ಅದೇ ಕಥೆ. ಹೆಸರು ಮಾತ್ರ ಇಂಗ್ಲಿಷು.

ಕಪ್ಪು ವಾರ್ಡುಗಳು ಈ ಮಷೀನಿಗೆ ಮೂಟೆ ಮೂಟೆ ಓಟು ಕೊಟ್ಟವು. ಮೂಟೆ ಹೊತ್ತವರು ಕಪ್ಪು ಪುಢಾರಿಗಳೇ. ಪ್ರತಿಯಾಗಿ ಸಿಕ್ಕಿದ್ದು ಕೆಳಗಿನ ನೌಕರಿ, ಮುರುಕಲು ಶಾಲೆ, ಬಡವರನ್ನು ತುಂಬಿದ ಸರ್ಕಾರಿ ಬಹುಮಹಡಿ ಮನೆಗಳು. ಹೆರಾಲ್ಡ್ ವಾಷಿಂಗ್ಟನ್ ಕೂಡ ಈ ಮಷೀನಿನ ಒಳಗೇ ಬೆಳೆದವರು. ಅವರ ಅಪ್ಪ ವಕೀಲರು, ಮಷೀನಿನ ಬೂತು ನೋಡಿಕೊಳ್ಳುತ್ತಿದ್ದವರು. ಮಗನೂ ಎರಡನೇ ಮಹಾಯುದ್ಧದಲ್ಲಿ ದುಡಿದು ಬಂದು, ವಕೀಲಿ ಓದಿ, ಅದೇ ಪಕ್ಷದಿಂದ ರಾಜ್ಯದ ಶಾಸನಸಭೆಗೆ ಹೋದರು. ಒಳಗಿದ್ದೇ ಒಳಗಿನ ಹುಳುಕು ಕಂಡವರು.

ಹುಳುಕು ಎಲ್ಲರ ಕಣ್ಣಿಗೂ ಬಿದ್ದದ್ದು ಡೇಲಿ ಸತ್ತಾಗ. ಆಗ ಕೌನ್ಸಿಲಿನ ಹಂಗಾಮಿ ಅಧ್ಯಕ್ಷನ ಸ್ಥಾನದಲ್ಲಿದ್ದವರು ವಿಲ್ಸನ್ ಫ್ರಾಸ್ಟ್ ಅನ್ನೋ ಕಪ್ಪು ಕಾರ್ಪೊರೇಟರ್. ಮೇಯರ್ ಇಲ್ಲದಾಗ ಹಂಗಾಮಿ ಮೇಯರ್ ನಾನೇ ಅಂತ ಅವರು ಹೇಳಿದರು. ಮೇಯರ್ ಕಚೇರಿಯ ಬಾಗಿಲಿಗೆ ಬೀಗ ಬಿತ್ತು! ಒಬ್ಬ ಬಿಳಿ ಕಾರ್ಪೊರೇಟರನ್ನು ಕೂರಿಸಿದರು. ಇಪ್ಪತ್ತೊಂದು ವರ್ಷ ಓಟಿನ ಮೂಟೆ ಹೊತ್ತವರಿಗೆ ಬಾಗಿಲ ಕೀಲಿ ಮಾತ್ರ ಇಲ್ಲ. ಊರ ಜಾತ್ರೆಯಲ್ಲಿ ತಮಟೆ ಬಡಿಯೋದಕ್ಕೆ ಬೇಕು, ಗುಡಿ ಒಳಗೆ ಬರಬೇಡಿ ಅಂದ ಹಾಗೆ.

1983: ಮೊದಲನೇ ಗೆಲುವು

1979ರಲ್ಲಿ ಜೇನ್ ಬರ್ನ್ ಅನ್ನೋ ಹೆಂಗಸು ಮಷೀನಿನ ವಿರುದ್ಧ ನಿಂತು ಮೇಯರ್ ಆದಳು. ಕಪ್ಪು ಜನ ಅವಳಿಗೆ ಓಟು ಸುರಿದರು. ಗೆದ್ದ ಮೇಲೆ ಅವಳು ಮಷೀನಿನವರ ಜೊತೆಗೇ ರಾಜಿ ಮಾಡಿಕೊಂಡಳು. 1982ರಲ್ಲಿ ಸರ್ಕಾರಿ ಮನೆಗಳ ಮಂಡಳಿಯಲ್ಲಿದ್ದ ಕಪ್ಪು ಸದಸ್ಯರನ್ನು ತೆಗೆದು ಬಿಳಿಯರನ್ನು ಹಾಕಿದಳು. ಆ ಮನೆಗಳಲ್ಲಿ ಇರೋರು ಬಹುಪಾಲು ಕಪ್ಪು ಜನ! ಕೇರಿಗಳು ಕುದಿದವು. ನಗರ ನಡೆಸುತ್ತಿದ್ದ ದೊಡ್ಡ ಸಂಗೀತದ ಜಾತ್ರೆಗೆ ಕಪ್ಪು ಜನ ಬಹಿಷ್ಕಾರ ಹಾಕಿದರು.

ಬರೀ ಕುದಿದಿದ್ದರೆ ಆರಿ ಹೋಗುತ್ತಿತ್ತು. ಅವರು ಇನ್ನೊಂದು ಕೆಲಸ ಮಾಡಿದರು. ವಾಷಿಂಗ್ಟನ್ ಆಗ ದೆಹಲಿಯ ಲೋಕಸಭೆಯಂಥ ಅವರ ಕಾಂಗ್ರೆಸ್ಸಿನ ಸದಸ್ಯರು. ಮೇಯರ್ ಚುನಾವಣೆಗೆ ನಿಲ್ಲಿ ಅಂತ ಜನ ಹೋದಾಗ, ಮೊದಲು ಮತದಾರರ ಪಟ್ಟಿಗೆ ಐವತ್ತು ಸಾವಿರ ಹೊಸ ಹೆಸರು ಸೇರಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಅಂತ ಷರತ್ತು ಹಾಕಿದರು. ಜನ ಲಕ್ಷಕ್ಕೂ ಮೇಲೆ ಸೇರಿಸಿದರು. ಪಿಂಚಣಿ ಕಚೇರಿಯ ಸಾಲಿನಲ್ಲಿ, ಚರ್ಚಿನ ಬಾಗಿಲಲ್ಲಿ, ಬಡವರಿಗೆ ಸರ್ಕಾರ ಕೊಡೋ ಸಹಾಯಧನದ ಕಚೇರಿಯಲ್ಲಿ ಕೂತು ಹೆಸರು ಬರೆಸಿದರು. ಓದುಗ ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ನಾಯಕ ಬರೋದಕ್ಕೆ ಮುಂಚೆ ಪಟ್ಟಿ ತಯಾರಾಗಿತ್ತು. ನಾವು ಮೊದಲು ನಾಯಕನನ್ನು ಹುಡುಕುತ್ತೇವೆ. ಪಟ್ಟಿಯಲ್ಲಿ ನಮ್ಮ ಹೆಸರು ಇಲ್ಲ ಅಂತ ಓಟಿನ ದಿನ ಬೂತಿನ ಮುಂದೆ ಗೊತ್ತಾಗುತ್ತದೆ.

1983ರ ಫೆಬ್ರವರಿ 22ರಂದು ಡೆಮೊಕ್ರಾಟಿಕ್ ಪಕ್ಷದ ಒಳಗಿನ ಚುನಾವಣೆ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರು ಅಂತ ಜನವೇ ಓಟು ಹಾಕಿ ತೀರ್ಮಾನಿಸುತ್ತಾರೆ. ಬರ್ನ್ ಒಂದು ಕಡೆ, ಸತ್ತ ಡೇಲಿಯ ಮಗ ಇನ್ನೊಂದು ಕಡೆ. ಬಿಳಿ ಓಟು ಎರಡು ಹೋಳಾಯಿತು. ವಾಷಿಂಗ್ಟನ್‌ಗೆ ನೂರಕ್ಕೆ 36, ಬರ್ನ್‌ಗೆ 33, ಮಗ ಡೇಲಿಗೆ 30. ಗೆದ್ದರು.

ಆಮೇಲೆ ನೋಡಿ ಬಣ್ಣ ಬಯಲಾದದ್ದು. 1931ರಿಂದ ಚಿಕಾಗೋದಲ್ಲಿ ರಿಪಬ್ಲಿಕನ್ ಪಕ್ಷದ ಮೇಯರ್ ಇಲ್ಲ. ಡೆಮೊಕ್ರಾಟಿಕ್ ಚೀಟಿ ಸಿಕ್ಕವನು ಗೆದ್ದ ಅಂತಲೇ ಲೆಕ್ಕ. ಚೀಟಿ ಕಪ್ಪು ಕೈಗೆ ಬಂದ ತಕ್ಷಣ ಹುಟ್ಟಿದಾಗಿನಿಂದ ಡೆಮೊಕ್ರಾಟ್ ಆಗಿದ್ದ ಬಿಳಿಯರು ಸಾಲಾಗಿ ರಿಪಬ್ಲಿಕನ್ ಅಭ್ಯರ್ಥಿ ಎಪ್ಟನ್ ಕಡೆ ನಡೆದರು. ಕಾಲ ಮಿಂಚುವ ಮೊದಲು ಎಪ್ಟನ್‌ಗೆ ಓಟು ಕೊಡಿ ಅನ್ನೋದು ಆ ಕಡೆಯ ಪ್ರಚಾರ. ಯಾವ ಕಾಲ ಮಿಂಚುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಭಾನುವಾರ ವಾಷಿಂಗ್ಟನ್ ಬಿಳಿಯರ ಚರ್ಚಿಗೆ ಹೋದರೆ ಬಾಗಿಲ ಮೇಲೆ ಕೊಲೆ ಬೆದರಿಕೆಯ ಬೈಗುಳ ಬರೆದಿತ್ತು. ಹೊರಗೆ ಜನ ಕೂಗಿ ಅಟ್ಟಿದರು. ದೇವರ ಮನೆಯ ಬಾಗಿಲಲ್ಲಿ ನಮ್ಮಂಥವರನ್ನು ತಡೆಯೋದು ಒಂದೇ ದೇಶದ ವಿದ್ಯೆ ಅಲ್ಲ. ಆದರೂ ಏಪ್ರಿಲ್ 12ರಂದು ವಾಷಿಂಗ್ಟನ್ ನೂರಕ್ಕೆ ಸುಮಾರು 52 ಓಟು ತೆಗೆದು ಗೆದ್ದರು. ಕಪ್ಪು ಜನ ಇಡೀ ಕೇರಿ ಕೇರಿಯೇ ಎದ್ದು ಬಂದಿತ್ತು. ಸ್ಪಾನಿಷ್ ಮಾತಾಡೋ ಬಡವರು ಹೆಚ್ಚಿನ ಮಂದಿ ಕೈ ಹಿಡಿದರು. ಬಿಳಿಯರಲ್ಲೂ ಒಂದು ಸಣ್ಣ ಪಾಲು ನ್ಯಾಯದ ಕಡೆ ನಿಂತಿತು.

ಕುರ್ಚಿ ಸಿಕ್ಕಿತು, ಕೈ ಕಟ್ಟಿದರು

ಕೌನ್ಸಿಲಿನಲ್ಲಿ 50 ಜನ. ಮೊದಲನೇ ಸಭೆಯಲ್ಲೇ ವ್ರ್ಡೋಲ್ಯಾಕ್ ಅನ್ನೋ ಬಿಳಿ ಕಾರ್ಪೊರೇಟರ್ 29 ಜನರನ್ನು ಕಟ್ಟಿಕೊಂಡು ಎಲ್ಲಾ ಸಮಿತಿಗಳನ್ನೂ ಬಾಚಿಕೊಂಡ. ಆ 29ರಲ್ಲಿ ಒಬ್ಬನೂ ಕಪ್ಪು ಮನುಷ್ಯ ಇರಲಿಲ್ಲ. ಮೇಯರ್ ಕಡೆ 21. ಮೇಯರ್ ಯಾರನ್ನಾದರೂ ಒಂದು ಮಂಡಳಿಗೆ ನೇಮಿಸಿದರೆ 29ರ ಗುಂಪು ಕಡತ ಹಿಡಿದು ಕೂರುತ್ತದೆ. ಬಜೆಟ್ ತಂದರೆ ತಿದ್ದುತ್ತದೆ. 29ರವರು ಮಾಡಿದ್ದನ್ನು ಮೇಯರ್ ತಿರಸ್ಕರಿಸಬಹುದು. ಅದನ್ನು ಮೀರೋದಕ್ಕೆ ಅವರಿಗೆ 34 ಓಟು ಬೇಕು, ಅದು ಅವರಲ್ಲಿಲ್ಲ. ಹೀಗೆ ಮೂರು ವರ್ಷ ಜಗ್ಗಾಟ.

ಆಗ ಹುಟ್ಟಿದ ಮಾತು ಯಾವುದು ಗೊತ್ತಾ? ಇವರಿಗೆ ಆಡಳಿತ ಬರೋದಿಲ್ಲ! ಕೈ ಕಟ್ಟಿದವರೇ, ಇವನಿಗೆ ಈಜೋದಕ್ಕೆ ಬರಲ್ಲ ಅಂತ ದಡದಲ್ಲಿ ನಿಂತು ನಗುತ್ತಾರೆ. ಈ ಮಾತನ್ನು ಗ್ರಾಮ ಪಂಚಾಯ್ತಿಯ ನಮ್ಮ ಅಧ್ಯಕ್ಷರುಗಳು ಕೇಳದ ದಿನ ಉಂಟಾ? ಕಾರ್ಯದರ್ಶಿ ಕಡತ ಕೊಡೋದಿಲ್ಲ, ಉಪಾಧ್ಯಕ್ಷ ಸಭೆಗೆ ಬರೋದಿಲ್ಲ, ಕೊನೆಗೆ ಊರೆಲ್ಲ ಹೇಳುತ್ತದೆ, 'ಅವರಿಗೇನ್ರೀ ಗೊತ್ತಾಗುತ್ತೆ' ಅಂತ.

ವಾಷಿಂಗ್ಟನ್ ಅಳುತ್ತಾ ಕೂರಲಿಲ್ಲ. ಕೌನ್ಸಿಲಿನ ಅಪ್ಪಣೆ ಬೇಕಾಗದ ಕೆಲಸಗಳನ್ನು ಹುಡುಕಿದರು. ಕಾರ್ಪೊರೇಷನ್ನಿನ ಕಾಗದಪತ್ರ ಜನ ಕೇಳಿ ಪಡೆಯಬಹುದು ಅಂತ 1983ರಲ್ಲೇ ಆಜ್ಞೆ ಹೊರಡಿಸಿದರು. ಓಟಿಗೆ ನೌಕರಿ ಅನ್ನೋ ಮಷೀನಿನ ಬೇರಿಗೇ ಕೊಡಲಿ ಹಾಕುವ ಕೋರ್ಟಿನ ಒಪ್ಪಂದಕ್ಕೆ ಸಹಿ ಮಾಡಿದರು. ಅಂದರೆ ತನ್ನ ಕಡೆಯವರಿಗೂ ನೌಕರಿ ಹಂಚುವ ಅಧಿಕಾರವನ್ನು ಬಿಟ್ಟುಕೊಟ್ಟರು. ನಗರದ ನೌಕರರು ಸಂಘ ಕಟ್ಟಿ ಒಪ್ಪಂದ ಮಾಡಿಕೊಳ್ಳೋ ಹಕ್ಕು ಒಪ್ಪಿದರು. 1985ರಲ್ಲಿ ನಗರದ ಗುತ್ತಿಗೆಗಳಲ್ಲಿ ನೂರಕ್ಕೆ 25 ಪಾಲು ಕಪ್ಪು ಮತ್ತಿತರ ಅಲ್ಪಸಂಖ್ಯಾತರಿಗೆ, 5 ಪಾಲು ಹೆಂಗಸರಿಗೆ ಅಂತ ಗುರಿ ಗೊತ್ತು ಮಾಡಿದರು. ರಸ್ತೆ, ಚರಂಡಿ ದುರಸ್ತಿಗೆ ಸಾಲ ಎತ್ತಿ ಎಲ್ಲಾ 50 ವಾರ್ಡಿಗೂ ಹಂಚುವ ಯೋಜನೆ ತಂದರು. 29ರವರು ಅಡ್ಡ ಹಾಕಿದಾಗ ನೇರ ಬಿಳಿಯರ ವಾರ್ಡಿಗೇ ಹೋಗಿ, ನಿಮ್ಮ ಬೀದಿಯ ಗುಂಡಿ ಮುಚ್ಚೋದಕ್ಕೆ ಬಿಡದೆ ಇರೋನು ನಿಮ್ಮ ಕಾರ್ಪೊರೇಟರೇ ಅಂತ ಲೆಕ್ಕ ಇಟ್ಟರು.

ಇನ್ನೊಂದು ಕಡೆ ಕೋರ್ಟಿನಲ್ಲಿ ವಾರ್ಡುಗಳ ಗಡಿಯ ಮೊಕದ್ದಮೆ ನಡೆದಿತ್ತು. ಬರ್ನ್ ಕಾಲದಲ್ಲಿ ಎಳೆದ ಗಡಿ ಗೆರೆ ಕಪ್ಪು ಜನರ ಮತ್ತು ಸ್ಪಾನಿಷ್ ಮಾತಾಡೋರ ಕೇರಿಗಳನ್ನು ಕತ್ತರಿಸಿ ಚೂರು ಮಾಡಿ ಬಿಳಿ ವಾರ್ಡುಗಳಿಗೆ ಅಂಟಿಸಿತ್ತು. ಕೋರ್ಟು ಅದನ್ನು ಒಪ್ಪಲಿಲ್ಲ. ಹೊಸ ಗೆರೆ ಎಳೆದು 1986ರಲ್ಲಿ ಏಳು ವಾರ್ಡುಗಳಿಗೆ ಮತ್ತೆ ಚುನಾವಣೆ ಆಯಿತು. ಲೆಕ್ಕ 25ಕ್ಕೆ 25 ಆಯಿತು. ಸಮ ಆದಾಗ ಮೇಯರ್ ಓಟು ಹಾಕಬಹುದು. ಮೂರು ವರ್ಷದಿಂದ ಕಟ್ಟಿದ್ದ ಹಗ್ಗ ಬಿಚ್ಚಿತು. ಒಂದು ನಕ್ಷೆಯ ಗೆರೆ ಎಷ್ಟು ದೊಡ್ಡ ಹಗ್ಗ ನೋಡಿ.

1987: ನಿಜವಾದ ಪರೀಕ್ಷೆ

ಇನ್ನು ಎರಡನೇ ಚುನಾವಣೆ. ಈ ಸಲ ಎದುರಾಳಿಗಳು ಜಾಣರಾದರು. 1983ರಲ್ಲಿ ಇಬ್ಬರು ಬಿಳಿಯರು ನಿಂತು ಕೆಟ್ಟೆವು, ಈ ಸಲ ಒಬ್ಬರೇ ಅಂದರು. ಆಟದ ನಿಯಮವನ್ನೇ ಬದಲಾಯಿಸೋಣ, ಪಕ್ಷದ ಗುರುತೇ ಬೇಡ, ಅರ್ಧಕ್ಕಿಂತ ಹೆಚ್ಚು ಓಟು ಬಾರದಿದ್ದರೆ ಮೊದಲಿಬ್ಬರ ನಡುವೆ ಮತ್ತೆ ಚುನಾವಣೆ ಆಗಲಿ ಅಂತ ಸಹಿ ಸಂಗ್ರಹಕ್ಕೂ ಹೊರಟರು. ನಿಯಮ ಕೇಳೋದಕ್ಕೆ ಚೆನ್ನಾಗಿಯೇ ಇದೆ. ಆದರೆ ಐವತ್ತು ವರ್ಷ ಅವರಿಗೆ ಹೊಳೆಯದ ನಿಯಮ, ಕಪ್ಪು ಮನುಷ್ಯ ಗೆದ್ದ ಮೂರೇ ವರ್ಷಕ್ಕೆ ಹೊಳೆದದ್ದು ಹೇಗೆ? ಆ ಸಲ ಅದು ಕೈಗೂಡಲಿಲ್ಲ. 1995ರಲ್ಲಿ ಕಾನೂನಾಗಿ 1999ರಿಂದ ಜಾರಿಗೆ ಬಂತು.

ಫೆಬ್ರವರಿ 24ರ ಪಕ್ಷದ ಒಳಚುನಾವಣೆಯಲ್ಲಿ ಬರ್ನ್ ಒಬ್ಬಳೇ ಮುಖ್ಯ ಎದುರಾಳಿ. ಬಿಳಿ ಓಟು ಒಡೆಯಲಿಲ್ಲ. ಆದರೂ ವಾಷಿಂಗ್ಟನ್ ಅರ್ಧಕ್ಕಿಂತ ಹೆಚ್ಚು ಓಟು ತೆಗೆದು ಗೆದ್ದರು. ಏಪ್ರಿಲ್ 7ರ ಕೊನೆಯ ಚುನಾವಣೆಯಲ್ಲಿ ವ್ರ್ಡೋಲ್ಯಾಕನೇ ಎದುರು ನಿಂತ. ಡೆಮೊಕ್ರಾಟಿಕ್ ಪಕ್ಷದ ಜಿಲ್ಲಾ ಅಧ್ಯಕ್ಷನಾಗಿದ್ದವನು ಬೇರೆ ಪಕ್ಷದ ಹೆಸರಿನಲ್ಲಿ ನಿಂತ! ಇನ್ನೊಬ್ಬ ಬಿಳಿ ಅಭ್ಯರ್ಥಿ ಓಟು ಒಡೆಯಬಾರದು ಅಂತ ಎರಡು ದಿನ ಇರೋವಾಗ ಹಿಂದೆ ಸರಿದ. ಫಲಿತಾಂಶ: ವಾಷಿಂಗ್ಟನ್ ನೂರಕ್ಕೆ 54, ವ್ರ್ಡೋಲ್ಯಾಕ್ 42, ರಿಪಬ್ಲಿಕನ್ ಅಭ್ಯರ್ಥಿ 4. ಎಲ್ಲಾ ಎದುರಾಳಿಗಳ ಓಟು ಒಂದೇ ಬುಟ್ಟಿಗೆ ಹಾಕಿದರೂ ವಾಷಿಂಗ್ಟನ್ ಗೆದ್ದೇ ಗೆಲ್ಲುತ್ತಿದ್ದರು.

ನನ್ನ ಮಾತು ಇದೇ. 1983ರ ಪಕ್ಷದ ಚೀಟಿಯಲ್ಲಿ ಎದುರಾಳಿಗಳ ಜಗಳದ ಪಾಲಿತ್ತು. 1987ರಲ್ಲಿ ಯಾರ ಜಗಳದ ಋಣವೂ ಇರಲಿಲ್ಲ. ನಾಲ್ಕು ವರ್ಷದ ಕೆಲಸದ ಲೆಕ್ಕ ಕೊಟ್ಟು, ಕಪ್ಪು ಜನ, ಸ್ಪಾನಿಷ್ ಮಾತಾಡೋ ಬಡವರು, ಬಿಳಿಯರಲ್ಲಿ ಒಂದು ಪಾಲು, ಇಷ್ಟು ಮಂದಿಯನ್ನು ಮತ್ತೆ ಒಟ್ಟಿಗೆ ನಿಲ್ಲಿಸಿ ಗೆದ್ದದ್ದು. ಫ್ರೆಡ್ ಹ್ಯಾಂಪ್ಟನ್ ಹಾಕಿದ ಚಾಪೆ ಇದೇ. 'ಮೊದಲನೇ ಕಪ್ಪು ಮೇಯರ್' ಅಂತ ಸುದ್ದಿ ಆದದ್ದು 1983ರಲ್ಲಿ. ಅಧಿಕಾರ ಕೈಗೆ ಬಂದದ್ದು 1987ರಲ್ಲಿ.

ಒಬ್ಬ ಮನುಷ್ಯ ಸತ್ತ, ಚಾಪೆ ಮಡಿಚಿತು

ಆದರೆ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಮುಗಿದಿದ್ದರೆ ಹಾರ ಹಾಕಿ ಸುಮ್ಮನಾಗಬಹುದಿತ್ತು. 1987ರ ನವೆಂಬರ್ 25ರಂದು ವಾಷಿಂಗ್ಟನ್ ಕಚೇರಿಯ ಮೇಜಿನ ಮುಂದೆ ಕೂತಲ್ಲೇ ಹೃದಯಾಘಾತದಿಂದ ಸತ್ತರು. 65 ವರ್ಷ. ಎರಡನೇ ಸಲ ಗೆದ್ದು ಎಂಟು ತಿಂಗಳೂ ಆಗಿರಲಿಲ್ಲ.

ವಾರ ಕಳೆಯೋದರಲ್ಲಿ ಕೌನ್ಸಿಲ್ ಹೊಸ ಮೇಯರನ್ನು ಆರಿಸಬೇಕಾಯಿತು. ಕಪ್ಪು ಕೇರಿಗಳು ಹೆಚ್ಚಾಗಿ ಕೇಳಿದ್ದು ವಾಷಿಂಗ್ಟನ್ ಜೊತೆಗಾರ ಟಿಮೊಥಿ ಇವಾನ್ಸ್. ಬಿಳಿ ಕಾರ್ಪೊರೇಟರುಗಳು ಏನು ಮಾಡಿದರು? ತಮ್ಮವನನ್ನು ನಿಲ್ಲಿಸಿದರಾ? ಇಲ್ಲ. ಅಷ್ಟು ದಡ್ಡರಲ್ಲ. ಯೂಜೀನ್ ಸಾಯರ್ ಅನ್ನೋ ಇನ್ನೊಬ್ಬ ಕಪ್ಪು ಕಾರ್ಪೊರೇಟರನ್ನು ಹಿಡಿದರು. ಹೊರಗೆ ಸಾವಿರಾರು ಜನ ಕೂಗುತ್ತಿದ್ದಾಗ ಡಿಸೆಂಬರ್ 2ರ ಬೆಳಗಿನ ಜಾವ ಸಾಯರ್‌ಗೆ 29, ಇವಾನ್ಸ್‌ಗೆ 19 ಓಟು ಬಿತ್ತು. ಆ 29ರಲ್ಲಿ ಬಹುಪಾಲು ಬಿಳಿಯರು, ಕೆಲವೇ ಮಂದಿ ಕಪ್ಪು ಜನ.

ಸಾಯರ್ ಕೆಟ್ಟ ಮನುಷ್ಯ ಅಂತ ಹೇಳೋದಲ್ಲ. 1983ರಿಂದ ವಾಷಿಂಗ್ಟನ್ ಜೊತೆಗೇ ಇದ್ದವರು, ಅವರ ಕೆಲಸಗಳಲ್ಲಿ ಕೆಲವನ್ನು ಮುಂದುವರಿಸಿದರು ಕೂಡ. ಪ್ರಶ್ನೆ ಮನುಷ್ಯನದ್ದಲ್ಲ. ಯಾರ ಓಟಿನಿಂದ ಕೂತ ಅನ್ನೋದು ಪ್ರಶ್ನೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1932ರ ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದದಲ್ಲಿ ಆದದ್ದು ಇದೇ. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸೋ ಹಕ್ಕನ್ನು ಕಿತ್ತುಕೊಂಡು, ಸೀಟು ನಿಮ್ಮವನಿಗೆ, ಆದರೆ ನಿಮ್ಮವರಲ್ಲಿ ಯಾವನು ಅಂತ ಕೊನೆಗೆ ತೀರ್ಮಾನ ಮಾಡೋರು ಎಲ್ಲರೂ ಅಂದರು. ಎಲ್ಲರೂ ಅಂದರೆ ಯಾರು? ಎಣಿಕೆಯಲ್ಲಿ ಹೆಚ್ಚಿದ್ದವರು. 1952ರಲ್ಲಿ ಬೊಂಬಾಯಿಯಲ್ಲಿ ಬಾಬಾಸಾಹೇಬರೇ ಸೋತರು. ಮೀಸಲು ಸೀಟು ಗೆದ್ದವನೂ ನಮ್ಮವನೇ, ಕಾಂಗ್ರೆಸ್ಸಿನವನು. 1982ರಲ್ಲಿ, ಪೂನಾ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದಾಗ, ಕಾನ್ಶೀರಾಮ್ ಇಂಥವರ ಕಾಲಕ್ಕೆ 'ಚಮಚಾ ಯುಗ' ಅಂತ ಪುಸ್ತಕವನ್ನೇ ಬರೆದರು. ಕೈ ಇನ್ನೊಬ್ಬರದ್ದು, ಚಮಚ ಮಾತ್ರ ನಮ್ಮದು.

ಆಮೇಲೆ ಚಿಕಾಗೋದಲ್ಲಿ ಸಾಯರ್ ಕಡೆಯವರು, ಇವಾನ್ಸ್ ಕಡೆಯವರು ಅಂತ ಕೇರಿ ಇಬ್ಭಾಗ ಆಯಿತು. 1989ರಲ್ಲಿ ಸಾಯರ್ ಪಕ್ಷದ ಒಳಗೆ ನಿಂತು ಸೋತರು. ಇವಾನ್ಸ್ ವಾಷಿಂಗ್ಟನ್ ಹೆಸರಿನ ಪಕ್ಷ ಮಾಡಿ ಹೊರಗೆ ನಿಂತು ಸೋತರು. ಗೆದ್ದವನು ಯಾರು? ಸತ್ತ ಡೇಲಿಯ ಮಗ ರಿಚರ್ಡ್ ಎಂ. ಡೇಲಿ. 2011ರವರೆಗೆ 22 ವರ್ಷ ಅಲ್ಲಾಡಲಿಲ್ಲ, ಅಪ್ಪನಿಗಿಂತ ಹೆಚ್ಚು. ಆರು ವರ್ಷದಲ್ಲಿ ಕಟ್ಟಿದ್ದು ಹದಿನಾರು ತಿಂಗಳಲ್ಲಿ ಹೋಯಿತು. ಒಬ್ಬ ದೊಡ್ಡ ಮನುಷ್ಯನ ಸುತ್ತ ಎಲ್ಲವೂ ನಿಂತಿತ್ತು. ಅವರ ಹಿಂದೆ ಎರಡನೇ ಸಾಲು ಇರಲಿಲ್ಲ. ಇದು ವಾಷಿಂಗ್ಟನ್ ಅವರ ಕೊರತೆಯೂ ಹೌದು. ದೊಡ್ಡವರು ಅಂತ ಮುಚ್ಚಿಡಬಾರದು. ಎಡಗೈ, ಬಲಗೈ ಅಂತ ಕೇರಿಯೊಳಗೇ ಗೆರೆ ಎಳೆದುಕೊಂಡು ಕೂತ ನಮಗೂ ಇದು ಗೊತ್ತಿರುವ ಕಥೆಯೇ. ನಮ್ಮಿಬ್ಬರ ಜಗಳದಲ್ಲಿ ಗೆಲ್ಲೋದು ಯಾವತ್ತೂ ಮೂರನೆಯವನೇ.

ನಮ್ಮ ಕುರ್ಚಿ

ಈಗ ನಮ್ಮ ಕಡೆ ನೋಡೋಣ. 1992ರ 74ನೇ ತಿದ್ದುಪಡಿ ನಗರಸಭೆಗಳಲ್ಲಿ ನಮಗೆ ಸೀಟು ಕೊಟ್ಟಿತು, ಅಧ್ಯಕ್ಷರ, ಮೇಯರರ ಸ್ಥಾನದಲ್ಲೂ ಸರದಿ ಕೊಟ್ಟಿತು. ಇದು ಭಿಕ್ಷೆ ಅಲ್ಲ, ಹಕ್ಕು. ಇದನ್ನು ಅಲ್ಲಗಳೆಯೋನು ನಮ್ಮ ಶತ್ರು. ಆದರೆ ಕುರ್ಚಿಯನ್ನು ತಿರುವಿ ಹಾಕಿ ಕಾಲು ಗಟ್ಟಿ ಇದೆಯಾ ಅಂತ ನೋಡೋ ಹಕ್ಕೂ ನಮಗಿದೆ.

ಬೆಂಗಳೂರಿನಲ್ಲಿ ದಶಕಗಟ್ಟಲೆ ಮೇಯರ್ ಕುರ್ಚಿ ಒಬ್ಬರಿಗೆ ಒಂದೇ ವರ್ಷ ಇತ್ತು. ಆರಿಸೋರು ಜನ ಅಲ್ಲ, ಕಾರ್ಪೊರೇಟರುಗಳು. ಅವರ ಜೊತೆ ಶಾಸಕರು, ಸಂಸದರೂ ಕೈ ಎತ್ತುತ್ತಾರೆ. ಕಡತ ನಡೆಸೋನು ಕಮೀಷನರ್. ಸರದಿಯಲ್ಲಿ ನಮ್ಮವನು ಬಂದಾಗ ನಮ್ಮವರಲ್ಲಿ ಯಾರು ಅಂತ ತೀರ್ಮಾನ ಆಗೋದು ಪಕ್ಷದ ಯಜಮಾನರ ಮನೆಯಲ್ಲಿ. ಗೌನು ಹಾಕಿ, ಸರ ಹಾಕಿ, ಬಜೆಟ್ಟಿನ ಪುಟ ತಿರುವಿ ಹಾಕೋದರಲ್ಲಿ ವರ್ಷ ಮುಗಿಯುತ್ತಿತ್ತು. ಇವನು ಮತ್ತೆ ಮೇಯರ್ ಆಗಿ ಜನರ ಮುಂದೆ ಬಂದು ಲೆಕ್ಕ ಕೊಡಬೇಕಾಗಿಲ್ಲ. ಕೊಡಬೇಕು ಅಂದರೂ ದಾರಿ ಇಲ್ಲ. ಒಂದು ವರ್ಷದ ಮೇಯರನಿಗೆ ಹೆದರಿ ಯಾವ ಕಂಟ್ರಾಕ್ಟರ್ ಬೀದಿ ಗುಡಿಸೋ ನಮ್ಮ ಅಕ್ಕತಂಗಿಯರ ಕೂಲಿ ಪೂರಾ ಕೊಟ್ಟಾನು? ಕೂಲಿಗೆ, ಕಾಯಮ್ಮಾತಿಗೆ 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೀದಿಗೆ ಇಳಿದಾಗ ಬೆಂಗಳೂರಿನಲ್ಲಿ ಮೇಯರೇ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲಿನ ಅವಧಿ ಮುಗಿದಿತ್ತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಆಳಿದರು. ವಾರ್ಡಿನ ಗಡಿ, ಮೀಸಲಾತಿ ಪಟ್ಟಿ ಅಂತ ಕೋರ್ಟು ಕಚೇರಿ ಅಲೆದಾಟವೇ ನಡೆಯಿತು.

ಕೆಲಸ ಮಾಡೋ ನಮ್ಮವನಿಗೆ ಕುರ್ಚಿ ಎಷ್ಟು ದಿನ ಅನ್ನೋದಕ್ಕೆ ಬಸವಲಿಂಗಪ್ಪನವರನ್ನೇ ನೆನೆಸಿಕೊಳ್ಳಿ. ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿದವರು ಅವರು. 1973ರಲ್ಲಿ ಒಂದು 'ಬೂಸಾ' ಮಾತಿಗೆ ಗದ್ದಲ ಎಬ್ಬಿಸಿ ಮಂತ್ರಿಗಿರಿ ಬಿಡಿಸಿದರು. ಆ ಗದ್ದಲದಲ್ಲಿ ಪೆಟ್ಟು ತಿಂದ ನಮ್ಮ ಹುಡುಗರಿಂದಲೇ ಈ ನಾಡಿನ ದಲಿತ ಚಳುವಳಿ ಎದ್ದು ನಿಂತಿತು. ಕುರ್ಚಿ ಹೋದರೂ ಸಂಘಟನೆ ಹುಟ್ಟಿತು. ಚಿಕಾಗೋದಲ್ಲಿ ಕುರ್ಚಿ ಇದ್ದಾಗಲೇ ಸಂಘಟನೆ ಸೊರಗಿತು. ಎರಡನ್ನೂ ಒಟ್ಟಿಗೆ ಇಟ್ಟು ಯೋಚನೆ ಮಾಡಿ.

ಇನ್ನೊಂದು ಮಾತು. ನಮ್ಮವನು ಅಂತ ಕಣ್ಣು ಮುಚ್ಚಿ ಎರಡನೇ ಸಲವೂ ಗೆಲ್ಲಿಸಬೇಕಾ? ಬೇಡ. ಅದಕ್ಕೂ ಚಿಕಾಗೋದಲ್ಲೇ ಉತ್ತರ ಇದೆ. 2019ರಲ್ಲಿ ಲೋರಿ ಲೈಟ್‌ಫುಟ್ ಅನ್ನೋ ಕಪ್ಪು ಹೆಂಗಸು ಮೇಯರ್ ಆದರು. 2023ರ ಫೆಬ್ರವರಿಯಲ್ಲಿ ಎರಡನೇ ಸಲ ಓಟು ಕೇಳಿದಾಗ ಜನ ಮೂರನೇ ಜಾಗಕ್ಕೆ ತಳ್ಳಿದರು. ಏಪ್ರಿಲ್‌ನಲ್ಲಿ ಗೆದ್ದವರು ಬ್ರ್ಯಾಂಡನ್ ಜಾನ್ಸನ್, ಅವರೂ ಕಪ್ಪು ಮನುಷ್ಯ. 1987ರಲ್ಲಿ ವಾಷಿಂಗ್ಟನ್ ಸೋತಿದ್ದರೆ ಇಡೀ ಕಪ್ಪು ಜನ ಸೋತಂತೆ ಆಗುತ್ತಿತ್ತು. 2023ರಲ್ಲಿ ಒಬ್ಬರು ಸೋತರು, ಜನ ಸೋಲಲಿಲ್ಲ. ನಮ್ಮವನನ್ನು ಸೋಲಿಸಿ ನಮ್ಮವನನ್ನೇ ಗೆಲ್ಲಿಸೋ ಹಂತಕ್ಕೆ ಬಂದಾಗ ಮಾತ್ರ ಜನಕ್ಕೆ ಶಕ್ತಿ ಬಂತು ಅಂತ ಲೆಕ್ಕ. ಒಬ್ಬನೇ ಇದ್ದಾಗ ಅವನ ತಪ್ಪನ್ನೂ ಹೊರಬೇಕಾಗುತ್ತದೆ. ಹತ್ತು ಜನ ಇದ್ದಾಗ ಒಬ್ಬನನ್ನು ಇಳಿಸಬಹುದು.

ಹಾಗಾದರೆ ಏನು ಮಾಡೋಣ? ಭಾಷಣ ಸಾಕು. ಚುನಾವಣೆ ಘೋಷಣೆ ಆಗೋ ತನಕ ಕಾಯಬೇಡಿ. ಮತದಾರರ ಪಟ್ಟಿ ತಂದು ಕೇರಿಯ ಮನೆ ಮನೆಗೂ ಹೋಗಿ ಹೆಸರು ತಾಳೆ ನೋಡಿ, ಬಿಟ್ಟಿದ್ದನ್ನು ಸೇರಿಸಿ. ವಾರ್ಡಿನ ಗಡಿಯ ಕರಡು ನಕ್ಷೆ ಬಂದಾಗ ಆಕ್ಷೇಪಣೆಯ ಕೊನೇ ದಿನ ದಾಟೋದರೊಳಗೆ ನಮ್ಮ ಕೇರಿ ಎಲ್ಲಿ ಕತ್ತರಿಸಿದೆ ಅಂತ ಬೆರಳಿಟ್ಟು ನೋಡಿ, ಅರ್ಜಿ ಹಾಕಿ. ಗೆದ್ದ ನಮ್ಮ ಕಾರ್ಪೊರೇಟರನ್ನು, ಅಧ್ಯಕ್ಷನನ್ನು ಹಾರ ಹಾಕೋದಕ್ಕೆ ಮಾತ್ರ ಕರೆಯಬೇಡಿ. ವರ್ಷಕ್ಕೊಂದು ದಿನ ಕೇರಿಯ ಕಟ್ಟೆ ಮೇಲೆ ಕೂರಿಸಿ ಲೆಕ್ಕ ಕೇಳಿ: ನಮ್ಮ ಪಾಲಿನ ಹಣ ಎಷ್ಟು ಬಂತು, ಎಲ್ಲಿ ಹೋಯಿತು, ಯಾವ ಕಡತ ಯಾರು ತಡೆದರು? ತಡೆದವನ ಹೆಸರು ಹೇಳಿದರೆ ಅವನ ಬೆನ್ನಿಗೆ ನಿಲ್ಲಿ. ಹೇಳದೇ ಹೋದರೆ ಅವನು ಯಾರ ಓಟಿನಿಂದ ಕೂತಿದಾನೆ ಅಂತ ಅರ್ಥ ಮಾಡಿಕೊಳ್ಳಿ. ಮತ್ತೆ ಅವನ ಪಕ್ಕದಲ್ಲಿ ಇನ್ನಿಬ್ಬರು ಹುಡುಗರನ್ನು, ಒಬ್ಬಳು ಹುಡುಗಿಯನ್ನು ಈಗಿನಿಂದಲೇ ಕೂರಿಸಿ ಕಡತ ಓದೋದಕ್ಕೆ ಕಲಿಸಿ.

ಚಿಕಾಗೋದವರು ಮೊದಲು ಪಟ್ಟಿ ಬರೆದರು, ಆಮೇಲೆ ಮೇಯರನ್ನು ಕಂಡರು. ಬರೋ ಭಾನುವಾರ ನಿಮ್ಮ ಕೇರಿಯ ಪಟ್ಟಿ ಕೈಗೆತ್ತಿಕೊಳ್ಳಿ.

ಜೈ ಭೀಮ್.